ನೀವು ಕೇಳಿದ್ದು: ಬಿಯರ್ ಕುಡಿದು ತಣ್ಣಗಾದ ದೇವಿ

ಪ್ರಶ್ನೆ: ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸಿಂಹದ ತಲೆಯ ಹೆಣ್ಣಿನ ಕಪ್ಪು ಕಲ್ಲಿನ ವಿಗ್ರಹಗಳನ್ನು ನೋಡಿದೆ. ಒಂದಲ್ಲ, ಹಲವು! ಯಾರೀಕೆ?
- ಓದುಗರೊಬ್ಬರು, ಹಾಸನ

ಉತ್ತರ: ಈಕೆ ಈಜಿಪ್ಟಿನ ಸೆಖ್‌ಮೆಟ್. ಕ್ರಿ.ಪೂ. 14ನೇ ಶತಮಾನದ ರಾಜ ಮೂರನೇ ಅಮೆನ್‌ಹೋಟೆಪ್ ಈಕೆಯ ವಿಗ್ರಹಗಳನ್ನು ನೂರಾರು ಸಂಖ್ಯೆಯಲ್ಲಿ ಕೆತ್ತಿಸಿದ. ಅವೇ ಈಗ ಲಂಡನ್, ಪ್ಯಾರಿಸ್, ಟ್ಯೂರಿನ್ ಅಂತ ಹಂಚಿಹೋಗಿವೆ. ಒಬ್ಬಳೇ ದೇವಿಗೆ ಅಷ್ಟೊಂದು ವಿಗ್ರಹ ಯಾಕೆ? ಅವಳ ಕಥೆ ಕೇಳಿದರೆ ಗೊತ್ತಾಗುತ್ತದೆ.

ಸೂರ್ಯದೇವ ರಾ ಮುದುಕನಾದ. ಮನುಷ್ಯರು ಅವನ ವಿರುದ್ಧವೇ ಪಿತೂರಿ ಶುರು ಮಾಡಿದರು. ಸಿಟ್ಟಿಗೆದ್ದ ರಾ ತನ್ನ ಕಣ್ಣನ್ನೇ ದೇವಿಯಾಗಿ ಭೂಮಿಗೆ ಕಳಿಸಿದ. ಹೋದವಳು ಕೊಲ್ಲಲು ನಿಂತಳು, ಕೊಲ್ಲುವುದರಲ್ಲೇ ಅವಳಿಗೆ ಖುಷಿ ಹತ್ತಿತು. ಹೀಗೇ ಬಿಟ್ಟರೆ ಒಬ್ಬರೂ ಉಳಿಯುವುದಿಲ್ಲ ಅಂತ ಕೊನೆಗೆ ರಾ ದೇವನಿಗೇ ಗಾಬರಿ. ಕಳಿಸಿದವನೇ ತಡೆಯಲಾರದ ಸ್ಥಿತಿ, ನೋಡಿ. ರಾತ್ರೋರಾತ್ರಿ ಬಾರ್ಲಿ ಅರೆಸಿ ಬಿಯರ್ ಮಾಡಿಸಿದ, ಅದಕ್ಕೆ ಕೆಂಪು ಬಣ್ಣ ಬೆರೆಸಿ 7,000 ಕೊಡಗಳಷ್ಟನ್ನು ಹೊಲಗಳಿಗೆ ಸುರಿಸಿದ. ಬೆಳಗ್ಗೆ ಬಂದ ದೇವಿಗೆ ಎಲ್ಲೆಲ್ಲೂ ಕೆಂಪು, ಅದರಲ್ಲಿ ತನ್ನದೇ ಮುಖ ಚೆಂದ ಕಂಡಿತಂತೆ! ಕುಡಿದಳು, ಅಮಲೇರಿತು, ಮನುಷ್ಯರ ಗುರುತೇ ಹತ್ತದೆ ವಾಪಸ್ ಹೋದಳು. ಈ ಕಥೆ ಬರುವ ಗ್ರಂಥದ ಭಾಗಗಳು ಈಜಿಪ್ಟಿನ ರಾಜ ಟೂಟನ್‌ಖಾಮನ್ ಸಮಾಧಿಯಲ್ಲಿದ್ದ ಚಿನ್ನದ ಹೊದಿಕೆಯ ಮಂಟಪವೊಂದರ ಮೇಲೂ ಇವೆ.

ಗಮನಿಸಿ, ಅವಳನ್ನು ಯಾರೂ ಸೋಲಿಸಲಿಲ್ಲ, ಸಮಾಧಾನ ಮಾಡಿದರು ಅಷ್ಟೇ. ಸಮಾಧಾನ ಒಂದೇ ಸಲಕ್ಕೆ ಮುಗಿಯುವುದಿಲ್ಲವಲ್ಲ, ಮತ್ತೆ ಮತ್ತೆ ಮಾಡುತ್ತಿರಬೇಕು. ಆ ವಿಗ್ರಹಗಳ ರಾಶಿಗೆ ಇದೇ ಕಾರಣ ಅಂತ ಅನೇಕ ವಿದ್ವಾಂಸರ ಊಹೆ. ನನಗೂ ಅದೇ ಸರಿ ಅನಿಸುತ್ತದೆ.

ಪ್ರಶ್ನೆ: ಸೆಖ್‌ಮೆಟ್ ಅಂದರೆ ನಮ್ಮ ಮಾರಮ್ಮನೇ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವೇ?
- ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. ಇಬ್ಬರಿಗೂ ನಂಟಿದೆ ಅನ್ನುವುದಕ್ಕೆ ಆಧಾರವಿಲ್ಲ, ಸುಮ್ನೆ ಫಾರ್ವರ್ಡ್ ಮಾಡಬೇಡಿ. ಹೋಲಿಕೆ ಮಾತ್ರ ಇದೆ. ಸಿಡುಬು ಬಂದರೆ ನಮ್ಮಲ್ಲಿ 'ಅಮ್ಮ ಬಂದಿದ್ದಾಳೆ' ಅನ್ನುತ್ತಿದ್ದರು, ಬೇವಿನ ಸೊಪ್ಪು ಕಟ್ಟಿ ಅವಳಿಗೇ ಹರಕೆ ಹೊರುತ್ತಿದ್ದರು. ನಿಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನೋಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಈಜಿಪ್ಟಿನಲ್ಲೂ ಪಿಡುಗು ತರುವವಳು ಸೆಖ್‌ಮೆಟ್, ವಾಸಿ ಮಾಡುವವಳೂ ಅವಳೇ. ಅವಳ ಪೂಜಾರಿಗಳೂ ರೋಗಿಗಳ ನಾಡಿ ನೋಡುತ್ತಿದ್ದರು. ಈಬರ್ಸ್ ಪಪೈರಸ್ ಎಂಬ ಹಳೆಯ ವೈದ್ಯ ಗ್ರಂಥ ಅವರನ್ನು ವೈದ್ಯರ ಜೊತೆಗೇ ಹೆಸರಿಸುತ್ತದೆ. ವರ್ಷದ ಕೊನೆಯ 5 ದಿನ ಅವಳ ಭಯ ಜಾಸ್ತಿ. ಆಗ ಬಟ್ಟೆಯ ಚೂರಿಗೆ ಮಂತ್ರ ಹೇಳಿ, ಗಂಟು ಹಾಕಿ, ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು.

ಪ್ರಶ್ನೆ: ಗ್ರೀಕರ ಮೆಡೂಸಾ ರಾಕ್ಷಸಿ ತಾನೇ? ಮತ್ತೆ ದೇವಸ್ಥಾನದ ಮೇಲೆ ಅವಳ ಮುಖ ಯಾಕೆ?
- ಓದುಗರೊಬ್ಬರು, ಮೈಸೂರು

ಉತ್ತರ: ಕಾವಲಿಗೆ. ಕಟ್ಟುತ್ತಿರುವ ಮನೆಗೆ ನಾವು ದೃಷ್ಟಿಗೊಂಬೆ ನೇತು ಹಾಕುವುದಿಲ್ಲವೇ, ಹಾಗೆ. ಗ್ರೀಸಿನ ಕಾರ್ಫು ದ್ವೀಪದ ಆರ್ಟೆಮಿಸ್ ದೇವಾಲಯದಲ್ಲಿ, ಕ್ರಿ.ಪೂ. 6ನೇ ಶತಮಾನದಲ್ಲಿ, ಮುಂಭಾಗದ ನಟ್ಟನಡುವೆ ಅವಳನ್ನೇ ಕೆತ್ತಿದ್ದರು. ಹಾವುಗಳೇ ಸೊಂಟದ ಪಟ್ಟಿ, ದೊಡ್ಡ ಕಣ್ಣು, ಹೊರಚಾಚಿದ ನಾಲಿಗೆ. ಶಾಪಕ್ಕೆ ಸಿಕ್ಕಿದ ಚೆಲುವೆ ಅಂತ ನೀವು ಓದಿರಬಹುದಾದ ಮೆಡೂಸಾ ಬೇರೆ, ಅದು ಬಹಳ ಶತಮಾನಗಳ ನಂತರ ರೋಮಿನ ಕವಿ ಓವಿಡ್ ಹೇಳಿದ ಕಥೆ. ಕಾರ್ಫುವಿನವಳಿಗೆ ಯಾರ ಕನಿಕರವೂ ಬೇಕಿರಲಿಲ್ಲ.