‘ಗುರಿ ಮುಟ್ಟಿದ್ದೇವೆ’ ಅಂತ ರಾಜ್ಯ ಹೇಳಿದರೆ ಮೊದಲು ಛೇದ ನೋಡಿ

ಪ್ರಶ್ನೆ: ನಾನು ಸೋಷಿಯಲ್ ವರ್ಕ್ ಎಂ.ಎ. ಓದುತ್ತಿದ್ದೇನೆ. ಅಮೆರಿಕದ ರಾಜ್ಯಗಳು ಬಡ ಕುಟುಂಬಗಳಿಗೆ ಸಹಾಯಧನ ಕೊಟ್ಟು ಅವರನ್ನು ಕೆಲಸಕ್ಕೆ ಹಚ್ಚುವ ಕಾರ್ಯಕ್ರಮಗಳ ಬಗ್ಗೆ ಪ್ರಬಂಧ ಬರೆಯಬೇಕು. ವರ್ಕ್ ಪಾರ್ಟಿಸಿಪೇಷನ್ ರೇಟ್ ಯಾವ ರಾಜ್ಯದಲ್ಲಿ ಜಾಸ್ತಿಯೋ ಆ ರಾಜ್ಯವೇ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಬರೆಯಬಹುದಾ?

ಉತ್ತರ:

ದಯವಿಟ್ಟು ಹಾಗೆ ಬರೆಯಬೇಡಿ. ಆ ಸಂಖ್ಯೆ ತಯಾರಾಗುವ ಜಾಗದಲ್ಲೇ ನಾನು ನಾಲ್ಕು ವರ್ಷ ಕೂತಿದ್ದೆ. ಅಮೆರಿಕದ ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ಗುತ್ತಿಗೆ ಮೇಲೆ ಡೇಟಾ ಕೆಲಸ. ತಿಂಗಳು ತಿಂಗಳು ಟೈಮ್‌ಶೀಟ್ ಗುಡ್ಡೆ ಹಾಕಿಕೊಂಡು, ಶೇಕಡಾವಾರು ತೆಗೆದು, ಮೇಲಕ್ಕೆ ಕಳಿಸುವುದು. ಅದನ್ನು ಹೇಗೆ ತೆಗೆಯುತ್ತೇವೆ ಅಂತ ತಿಳಿದರೆ ನಿಮಗೇ ಅನುಮಾನ ಬರುತ್ತದೆ.

ಮೊದಲು ಹಿನ್ನೆಲೆ, ಚುಟುಕಾಗಿ. 1996ರ ಆಗಸ್ಟ್‌ನಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಹಳೆಯ ಸಹಾಯಧನ ಪದ್ಧತಿಯನ್ನು ತೆಗೆದು ಟ್ಯಾನಫ್ (TANF, ಬಡ ಕುಟುಂಬಗಳಿಗೆ ತಾತ್ಕಾಲಿಕ ನೆರವು) ಅನ್ನುವ ಹೊಸದನ್ನು ತಂದಿತು. ಕೇಂದ್ರ ಸರ್ಕಾರ ರಾಜ್ಯಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಇಡಿಗಂಟಾಗಿ ಕೊಡುತ್ತದೆ. ಬೆಲೆ ಏರಿದರೂ ಗಂಟು ಹೆಚ್ಚಾಗುವುದಿಲ್ಲ. ಬದಲಿಗೆ ಒಂದು ಷರತ್ತು: ಸಹಾಯ ಪಡೆಯುವ, ದುಡಿಯಬಲ್ಲ ಹಿರಿಯರಿರುವ ಕುಟುಂಬಗಳಲ್ಲಿ ಶೇ 50ರಷ್ಟು ಕೆಲಸದಲ್ಲೋ ಕೆಲಸಕ್ಕೆ ಸಂಬಂಧಿಸಿದ ಚಟುವಟಿಕೆಯಲ್ಲೋ ಇರಬೇಕು. ನೀವು ಕೇಳಿದ ವರ್ಕ್ ಪಾರ್ಟಿಸಿಪೇಷನ್ ರೇಟ್ ಅಂದರೆ ಇದೇ ಭಿನ್ನರಾಶಿ: ಮೇಲಿನ ಅಂಶ ಹಾಗೆ ಕೆಲಸದಲ್ಲಿರುವ ಕುಟುಂಬಗಳು, ಕೆಳಗಿನ ಛೇದ ಸಹಾಯ ಪಡೆಯುವ ಅಂಥ ಎಲ್ಲ ಕುಟುಂಬಗಳು. ತಂದೆ ತಾಯಿ ಇಬ್ಬರೂ ಇದ್ದರೆ ಶೇ 90. ಸಾಮಾನ್ಯವಾಗಿ ವಾರಕ್ಕೆ 30 ಗಂಟೆ. ಆರು ವರ್ಷದೊಳಗಿನ ಮಗು ಇರುವ ಒಂಟಿ ತಾಯಿಗೆ 20. ಗುರಿ ಮುಟ್ಟದ ರಾಜ್ಯಕ್ಕೆ ಮೊದಲ ಸಲ ಅನುದಾನದಲ್ಲಿ ಶೇ 5ರವರೆಗೆ ಕಡಿತ, ಮತ್ತೆ ಮತ್ತೆ ತಪ್ಪಿದರೆ ಶೇ 21ರವರೆಗೂ ಹೋಗಬಹುದು. ಇದನ್ನು ನಮ್ಮ ನರೇಗಾ ಜೊತೆ ಹೋಲಿಸಲು ಹೋಗಬೇಡಿ. ಅಲ್ಲಿ ಕೆಲಸ ಕೇಳುವುದು ಜನ. ಇಲ್ಲಿ ಕೆಲಸ ಕೇಳುವುದು ಸರ್ಕಾರ!

ಈಗ ಛೇದದ ಮಜಾ ನೋಡಿ. ಸಹಾಯ ಪಡೆಯುವವರ ಸಂಖ್ಯೆ ಒಂದು ಮೂಲ ವರ್ಷಕ್ಕಿಂತ ಎಷ್ಟು ಶೇಕಡಾ ಇಳಿದಿದೆಯೋ, ರಾಜ್ಯದ ಗುರಿಯಲ್ಲೂ ಅಷ್ಟು ಅಂಕ ಕಳೆಯುತ್ತಾರೆ. ಫಲಾನುಭವಿಗಳು ಶೇ 40 ಕಡಿಮೆಯಾಗಿದ್ದಾರೆ ಅಂತಿಟ್ಟುಕೊಳ್ಳಿ. ಗುರಿ 50ರಿಂದ 10ಕ್ಕೆ ಇಳಿಯುತ್ತದೆ. ಶೇ 50 ಕಡಿಮೆಯಾದರೆ ಗುರಿ ಸೊನ್ನೆ. ಯಾರಿಗೂ ಒಂದು ಕೆಲಸ ಕೊಡಿಸದೆಯೂ ‘ಗುರಿ ಮುಟ್ಟಿದ್ದೇವೆ’ ಅನ್ನಬಹುದು. ನಿಜವಾಗಿಯೂ ಕೆಲವು ರಾಜ್ಯಗಳ ಗುರಿ ಸೊನ್ನೆಗೆ ಬಂದಿತ್ತು. ಅರ್ಹತೆಯ ನಿಯಮ ಬಿಗಿ ಮಾಡಿ ಇಳಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಕಾನೂನಿನಲ್ಲಿದೆ, ಸರಿ. ಆದರೆ ಕಾಗದಪತ್ರಕ್ಕೆ ಅಲೆದು ಅಲೆದು ಸುಸ್ತಾಗಿ ಅರ್ಜಿಯನ್ನೇ ಕೈಬಿಟ್ಟವರು? ಅವರೂ ಇಳಿಕೆಯ ಲೆಕ್ಕದಲ್ಲೇ ಸೇರುತ್ತಾರೆ. 1996ರಲ್ಲಿ ಮಕ್ಕಳಿರುವ ಪ್ರತಿ 100 ಬಡ ಕುಟುಂಬಗಳಿಗೆ 68 ಕುಟುಂಬಗಳು ಈ ಸಹಾಯ ಪಡೆಯುತ್ತಿದ್ದವು. 2020ರಲ್ಲಿ 21. ಬಡತನ ಇದೇ ಪ್ರಮಾಣದಲ್ಲಿ ಕರಗಿಬಿಟ್ಟಿತು ಅಂತ ಯಾರೂ ಹೇಳುವುದಿಲ್ಲ.

ಅಂಶದ ಕಥೆಯೂ ಅಷ್ಟೇ. ನಮ್ಮ ಕೌಂಟಿಯಲ್ಲಿ ಎರಡು ಮಕ್ಕಳ ತಾಯಿಯೊಬ್ಬರಿಗೆ ವೃದ್ಧಾಶ್ರಮದಲ್ಲಿ ಶುಶ್ರೂಷೆ ಮಾಡುವ ಕೆಲಸ ಸಿಕ್ಕಿತು. ಸಂಬಳ ಸಹಾಯಧನದ ಮಿತಿ ದಾಟಿತು, ಕೇಸ್ ಮುಚ್ಚಿತು. ಮುಂದಿನ ತಿಂಗಳ ನನ್ನ ಪಟ್ಟಿಯಲ್ಲಿ ಅವರು ಇಲ್ಲವೇ ಇಲ್ಲ! ದಿನಾ ಬಂದು ‘ಉದ್ಯೋಗ ಹುಡುಕುವ ತರಗತಿ’ಯಲ್ಲಿ ಕೂತು ಎದ್ದು ಹೋಗುತ್ತಿದ್ದವರು ಮಾತ್ರ ಒಂದಷ್ಟು ವಾರ ಅಂಶಕ್ಕೆ ಸೇರಿದರು. ಕೆಲಸ ಸಿಕ್ಕವರು ಲೆಕ್ಕದಿಂದ ಹೊರಗೆ, ಸಿಗದವರು ಒಳಗೆ.

ರಾಜ್ಯಗಳು ಇದಕ್ಕೂ ದಾರಿ ಹುಡುಕಿದವು. ಈಗಾಗಲೇ ದುಡಿಯುತ್ತಿರುವ ಕುಟುಂಬಗಳಿಗೆ ತಿಂಗಳಿಗೆ ಪುಡಿಗಾಸು ಕೊಟ್ಟು ಪಟ್ಟಿಯಲ್ಲಿ ಸೇರಿಸಿಕೊಳ್ಳುವುದು. ಕ್ಯಾಲಿಫೋರ್ನಿಯಾದಲ್ಲಿ ವಿನ್ಸ್ ಅಂತ ಒಂದಿತ್ತು, ತಿಂಗಳಿಗೆ 10 ಡಾಲರ್. ದುಡಿಯುವವರಿಗೆ ಊಟಕ್ಕೆ ಒಂದಿಷ್ಟು ಆಯಿತು, ರಾಜ್ಯದ ಶೇಕಡಾವಾರೂ ಏರಿತು. ಕೊನೆಗೆ 2023ರಲ್ಲಿ ಕಾನೂನು ತಿದ್ದಿದರು. 35 ಡಾಲರ್‌ಗಿಂತ ಕಡಿಮೆ ಪಡೆಯುವ ದುಡಿಯುವ ಕುಟುಂಬವನ್ನು ಇನ್ನು ಎಣಿಸುವ ಹಾಗಿಲ್ಲ. ಇಳಿಕೆಯ ಮೂಲ ವರ್ಷವನ್ನೂ 2005ರಿಂದ 2015ಕ್ಕೆ ತಂದರು. ಎರಡೂ 2025ರ ಅಕ್ಟೋಬರ್‌ನಿಂದ ಜಾರಿ. ಹಾಗಾಗಿ ಅದಕ್ಕೆ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಒಂದೇ ಗ್ರಾಫ್‌ನಲ್ಲಿ ಹಾಕಬೇಡಿ. ಗೆರೆ ದಿಢೀರನೆ ಬದಲಾದರೆ ಅದು ಕಾರ್ಯಕ್ರಮದಿಂದಲೋ ಎಣಿಕೆಯ ನಿಯಮದಿಂದಲೋ ಅಂತ ಗೊತ್ತಾಗುವುದಿಲ್ಲ.

‘ಹಾಗಾದರೆ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತಲೇ ಎಣಿಸಬಹುದಲ್ವಾ?’ ಅಂತ ನೀವು ಕೇಳಬಹುದು. ಎಣಿಸಬಹುದು, ಅದು ಇದಕ್ಕಿಂತ ಎಷ್ಟೋ ವಾಸಿ. ಅದೇ 2023ರ ಕಾನೂನು ಇನ್ನೊಂದು ಕೆಲಸ ಮಾಡಿದೆ. ಸಹಾಯ ಬಿಟ್ಟು ಹೋದವರು ಆರು ತಿಂಗಳ ಹೊತ್ತಿಗೆ ಕೆಲಸದಲ್ಲಿದ್ದಾರಾ, ವರ್ಷದ ಹೊತ್ತಿಗೂ ಉಳಿದಿದ್ದಾರಾ, ಎಷ್ಟು ಸಂಪಾದಿಸುತ್ತಿದ್ದಾರೆ ಅಂತ ರಾಜ್ಯಗಳು ವರದಿ ಮಾಡಬೇಕು. ಇದಕ್ಕೆ ಬಳಸುವುದು ಮುಖ್ಯವಾಗಿ ಮಾಲೀಕರು ನಿರುದ್ಯೋಗ ವಿಮೆಗಾಗಿ ಮೂರು ತಿಂಗಳಿಗೊಮ್ಮೆ ಕೊಡುವ ಸಂಬಳದ ಲೆಕ್ಕ. ಮನೆಗೆಲಸಕ್ಕೆ ಹೋಗಿ ಕೈಯಲ್ಲಿ ನಗದು ಪಡೆಯುವವರು, ಸ್ವಂತ ಕಾರು ಓಡಿಸಿ ದುಡಿಯುವವರು ಅದರಲ್ಲಿ ಕಾಣುವುದಿಲ್ಲ. ಬಡವರಲ್ಲಿ ಅಂಥವರೇನೂ ಕಡಿಮೆ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಯಾವ ಕೇಸ್ ವರ್ಕರ್ ಎಷ್ಟು ಜನರನ್ನು ಕೆಲಸಕ್ಕೆ ಸೇರಿಸಿದರು ಅಂತ ಒಂದು ಪಟ್ಟಿ ಮಾಡಿ ಗೋಡೆಗೆ ಹಾಕಿಸಿದ್ದೆ. ಒಳ್ಳೆಯ ಉದ್ದೇಶವೇ. ಮೂರು ತಿಂಗಳಲ್ಲಿ ಏನಾಯಿತು ಅಂದರೆ, ಹೈಸ್ಕೂಲ್ ಮುಗಿಸಿದವರು, ಕಾರು ಇರುವವರು, ಆರೋಗ್ಯವಾಗಿರುವವರು ಎಲ್ಲರಿಗೂ ಬೇಕಾದರು. ಕಾಯಿಲೆಯ ಮಗು ಇರುವ ತಾಯಿಯ ಫೈಲ್ ಮೇಜಿನಿಂದ ಮೇಜಿಗೆ ಹೋಗತೊಡಗಿತು. ಪಟ್ಟಿ ತೆಗೆಸಿದೆ. ಅರ್ಥಶಾಸ್ತ್ರದವರು ಇದಕ್ಕೆ ಕ್ರೀಮ್ ಸ್ಕಿಮ್ಮಿಂಗ್ ಅನ್ನುತ್ತಾರೆ, ಕೆನೆ ಮಾತ್ರ ಎತ್ತಿಕೊಳ್ಳುವುದು. ನೊಬೆಲ್ ಪಡೆದ ಜೇಮ್ಸ್ ಹೆಕ್ಮನ್ ಮತ್ತು ಅವರ ಜೊತೆಗಾರರು 1982ರ ಉದ್ಯೋಗ ತರಬೇತಿ ಕಾನೂನಿನ ಅಂಕಿಅಂಶ ಹಿಡಿದು ಇದನ್ನೇ ವಿಚಾರಿಸಿದ್ದರು. ತಕ್ಷಣ ಕಾಣುವ ಫಲಿತಾಂಶಕ್ಕೂ ಕಾರ್ಯಕ್ರಮದಿಂದ ನಿಜವಾಗಿ ಆದ ಲಾಭಕ್ಕೂ ಸಂಬಂಧ ಬಹಳ ತೆಳು ಅಂತ ಅವರು ಕಂಡುಕೊಂಡರು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ. ಕಾರ್ಯಕ್ರಮಕ್ಕೆ ಬಂದರು, ಕೆಲಸ ಸಿಕ್ಕಿತು. ಬರದೇ ಇದ್ದಿದ್ದರೆ ಸಿಗುತ್ತಿರಲಿಲ್ಲವಾ? ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಡುವ ದಾರಿ ಅಂದರೆ ಲಾಟರಿ. ಅರ್ಹರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಯಕ್ರಮ, ಇನ್ನೊಂದಕ್ಕೆ ಇಲ್ಲ. ಎಂಡಿಆರ್‌ಸಿ ಅನ್ನುವ ಸಂಸ್ಥೆ 1980 ಮತ್ತು 90ರ ದಶಕದಲ್ಲಿ ಇಂಥ ಅಧ್ಯಯನಗಳನ್ನು ಸಾಲುಸಾಲಾಗಿ ಮಾಡಿತು. ನ್ಯೂಸ್ (NEWWS) ಅಂತ ಕರೆಯುವ ದೊಡ್ಡ ಅಧ್ಯಯನದಲ್ಲಿ 11 ಕಾರ್ಯಕ್ರಮಗಳನ್ನು ಐದು ವರ್ಷ ಹಿಂಬಾಲಿಸಿದರು. ಎರಡನೇ ಗುಂಪಿನವರಲ್ಲೂ ಬಹುಪಾಲು ಜನ ಆ ಐದು ವರ್ಷದಲ್ಲಿ ಯಾವಾಗಲೋ ಒಮ್ಮೆ ತಾವಾಗಿಯೇ ಕೆಲಸ ಹುಡುಕಿಕೊಂಡಿದ್ದರು! ಕಾರ್ಯಕ್ರಮಕ್ಕೆ ಸಲ್ಲಬೇಕಾದ್ದು ಎರಡೂ ಗುಂಪಿನ ನಡುವಿನ ವ್ಯತ್ಯಾಸ ಮಾತ್ರ. ಅದರಲ್ಲಿ ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಮುಂದೆ ನಿಂತಿತು. ಅಲ್ಲಿನವರು ‘ಸಿಕ್ಕಿದ್ದಕ್ಕೆ ಸೇರು’ ಅನ್ನಲಿಲ್ಲ. ಸ್ವಲ್ಪ ಕಾಯಿ, ಒಳ್ಳೆಯ ಕೆಲಸ ನೋಡು, ಬೇಕಿದ್ದರೆ ಚಿಕ್ಕ ತರಬೇತಿ ತಗೋ ಅಂದರು.

ಎಷ್ಟು ವರ್ಷ ಹಿಂಬಾಲಿಸುತ್ತೀರಿ ಅನ್ನುವುದೂ ಮುಖ್ಯ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕೌಂಟಿ ‘ಬೇಗ ಕೆಲಸಕ್ಕೆ ಸೇರಿಸು’ ಅನ್ನುವ ಪದ್ಧತಿಯಿಂದ ದೇಶಕ್ಕೆಲ್ಲ ಮಾದರಿ ಅನಿಸಿಕೊಂಡಿತು. ಬೇರೆ ಸಂಶೋಧಕರು ಒಂಬತ್ತು ವರ್ಷದ ಲೆಕ್ಕ ತೆಗೆದಾಗ, ಓದು ತರಬೇತಿಗೆ ಒತ್ತು ಕೊಟ್ಟ ಕೌಂಟಿಗಳ ಮುಂದೆ ಆ ಮುನ್ನಡೆ ಉಳಿದಿರಲಿಲ್ಲ.

ನಿಮ್ಮ ಪ್ರಬಂಧಕ್ಕೆ ನಾನು ಒಂದೇ ಉದಾಹರಣೆ ಆರಿಸಬೇಕೆಂದರೆ ಮಿನ್ನೆಸೋಟಾ. 1994ರಲ್ಲಿ ಅಲ್ಲಿ ಎಂಫಿಪ್ ಅನ್ನುವ ಪ್ರಯೋಗ ಶುರುವಾಯಿತು. ಕೆಲಸಕ್ಕೆ ಸೇರಿದ ಕೂಡಲೇ ಸಹಾಯಧನ ಕತ್ತರಿಸಲಿಲ್ಲ. ಸಂಬಳದ ಜೊತೆಗೆ ಒಂದು ಪಾಲು ಉಳಿಸಿಕೊಳ್ಳಲು ಬಿಟ್ಟರು. ಬಹಳ ಕಾಲದಿಂದ ಸಹಾಯದಲ್ಲಿದ್ದ ಒಂಟಿ ತಾಯಂದಿರಲ್ಲಿ ಕೆಲಸವೂ ಹೆಚ್ಚಿತು, ಬಡತನವೂ ಇಳಿಯಿತು. ಇತರ ಬಹುತೇಕ ಕಾರ್ಯಕ್ರಮಗಳಲ್ಲಿ ಹೀಗಾಗಿರಲಿಲ್ಲ. ಸಂಬಳ ಬಂದಷ್ಟು ಸಹಾಯ ಹೋಗಿ, ಕೈಗೆ ಸಿಗುವ ದುಡ್ಡು ಹೆಚ್ಚುಕಮ್ಮಿ ಅಷ್ಟೇ ಇರುತ್ತಿತ್ತು. ಆದರೆ ಎಂಫಿಪ್‌ನಲ್ಲಿ ಜನ ಹೆಚ್ಚು ಕಾಲ ಸಹಾಯದ ಪಟ್ಟಿಯಲ್ಲೇ ಉಳಿದರು, ಸರ್ಕಾರದ ಖರ್ಚೂ ಏರಿತು. ‘ಪಟ್ಟಿ ಎಷ್ಟು ಇಳಿಯಿತು’ ಅನ್ನುವ ತಕ್ಕಡಿಯಲ್ಲಿ ತೂಗಿದರೆ ಅದು ಫೇಲ್. ‘ಮನೆಯ ಆದಾಯ ಎಷ್ಟು ಏರಿತು’ ಅಂತ ತೂಗಿದರೆ ಮೊದಲ ಸಾಲು. ಯಾವ ತಕ್ಕಡಿ ಅನ್ನುವುದನ್ನು ನೀವು ಪ್ರಬಂಧದ ಮೊದಲ ಪುಟದಲ್ಲೇ ಹೇಳಿಬಿಡಬೇಕು.

ಹೋಲಿಕೆ ಮಾಡಲೇಬೇಕಿದ್ದರೆ ಎರಡು ರಾಜ್ಯ ಆರಿಸಿ, ಎರಡಕ್ಕೂ ಇಷ್ಟನ್ನು ಅಕ್ಕಪಕ್ಕ ಇಡಿ. 100 ಬಡ ಕುಟುಂಬಗಳಲ್ಲಿ ಎಷ್ಟಕ್ಕೆ ಸಹಾಯ ಮುಟ್ಟುತ್ತಿದೆ, ಇಳಿಕೆಯ ಅಂಕ ಕಳೆದ ಮೇಲೆ ಉಳಿದ ನಿಜವಾದ ಗುರಿ ಎಷ್ಟು, ಕೇಸ್ ಮುಚ್ಚಿದ್ದಕ್ಕೆ ಬರೆದ ಕಾರಣ ಏನು, ವರ್ಷದ ನಂತರ ಸಂಪಾದನೆ ಎಷ್ಟು. ಅದರ ಪಕ್ಕ ಆಯಾ ರಾಜ್ಯದ ನಿರುದ್ಯೋಗ ಪ್ರಮಾಣವನ್ನೂ ಬರೆಯಿರಿ. ಕೇಸ್ ಮುಚ್ಚಿದ ಕಾರಣಗಳಲ್ಲಿ ‘ಸಹಕರಿಸಲಿಲ್ಲ’ ಅನ್ನುವುದು ‘ಕೆಲಸ ಸಿಕ್ಕಿತು’ ಅನ್ನುವುದಕ್ಕಿಂತ ಜಾಸ್ತಿ ಕಂಡರೆ ಅಲ್ಲಿ ನಿಂತು ನೋಡಿ. ನಮ್ಮ ಕಚೇರಿಯಲ್ಲಿ ಒಂದು ಕಾಗದ ಎರಡು ದಿನ ತಡವಾಗಿ ಬಂದರೂ ಆ ಹಣೆಪಟ್ಟಿ ಬೀಳುತ್ತಿತ್ತು. ಯಾವ ಎರಡು ರಾಜ್ಯ ಅಂತ ಕಾಮೆಂಟ್‌ನಲ್ಲಿ ಹೇಳಿದರೆ, ಅವುಗಳ ಕೋಷ್ಟಕ ಓದುವುದು ಹೇಗೆ ಅಂತ ಬಿಡಿಸಿ ಬರೆಯುತ್ತೇನೆ.