ಎಲ್ಲಿ ನೋಡೋದು ಅಂತ ಕೇಳಿದ್ರಲ್ಲ ಮೇಡಂ

ಬಸವನಗುಡಿಯಿಂದ ನೀವು ಬರ್ದಿರೋ ಪತ್ರ ಓದ್ದೆ ಮೇಡಂ. ನಾಲ್ಕು ಸ್ಕ್ರೀನಿನ ವಿಡಿಯೊ ಶೋಗೆ ಹೋಗಿದ್ರಿ, ಒಂದ್ರಲ್ಲಿ ಚೆಲ್ಲೋ ಅನ್ನೋ ದೊಡ್ಡ ಪಿಟೀಲಿನಂಥ ವಾದ್ಯ, ಒಂದ್ರಲ್ಲಿ ಮಳೆ, ಇನ್ನೊಂದ್ರಲ್ಲಿ ಮೆಟ್ರೋ ಕಂಬ, "ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ, ಸಂಗೀತಗಾರರನ್ನ ಸುಮ್ನೆ ಯಾಕೆ ಕರೆಸ್ತಾರೆ, ನಾಳೆ ನಮ್ಮ ಕರ್ನಾಟಕ ಸಂಗೀತ ಕಚೇರಿಗೂ ಇದನ್ನೇ ತರ್ತಾರಾ" ಅಂತ ಕೇಳಿದೀರ. ನಿಮ್ ಸಿಟ್ಟಲ್ಲಿ ಅರ್ಧ ಸರಿ ಇದೆ. ಎಷ್ಟೋ ಕಡೆ ಎಡಿಟಿಂಗ್ ಎಲ್ಲಾ ಮುಗಿದ್ಮೇಲೆ ಸಂಗೀತಗಾರರಿಗೆ ಫೋನ್ ಹೋಗುತ್ತೆ, ಆಮೇಲೆ ಅವ್ರು ಮದುವೆ ಮನೆ ಓಲಗದವರ ಥರ, ನುಡಿಸ್ತಾ ಇರ್ತಾರೆ, ಯಾರೂ ಕೇಳಿಸ್ಕೊಳ್ಳಲ್ಲ.

ಆದ್ರೆ ಐಸ್‌ಲ್ಯಾಂಡಿನ ರಾಗ್ನರ್ ಕ್ಯಾರ್ಟನ್ಸನ್ 2012ರಲ್ಲಿ ಮಾಡಿದ 'ದಿ ವಿಸಿಟರ್ಸ್' ತಗೊಳ್ಳಿ. ಒಂಬತ್ತು ಸ್ಕ್ರೀನು. ನ್ಯೂಯಾರ್ಕ್ ರಾಜ್ಯದ ಒಂದು ಹಳೇ ಬಂಗಲೆ, ಬೇರೆಬೇರೆ ರೂಮಲ್ಲಿ ಸಂಗೀತಗಾರರು, ಈ ಪುಣ್ಯಾತ್ಮ ಬಾತ್‌ಟಬ್ಬಲ್ಲಿ ಗಿಟಾರ್ ಹಿಡ್ಕೊಂಡು ಕೂತಿದಾನೆ, ಕಿವಿಗೆಲ್ಲಾ ಹೆಡ್‌ಫೋನು, ಒಬ್ರ ಮುಖ ಒಬ್ರಿಗೆ ಕಾಣಲ್ಲ, ಬರೀ ಕೇಳಿಸ್ಕೊಂಡೇ ಒಂದು ಗಂಟೆಗೂ ಜಾಸ್ತಿ ಒಂದೇ ಟೇಕಲ್ಲಿ ಹಾಡ್ತಾರೆ. ನೋಡೋರು ಸ್ಕ್ರೀನಿಂದ ಸ್ಕ್ರೀನಿಗೆ ಓಡಾಡ್ತಾರೆ. ಪಿಯಾನೋ ಹತ್ರ ಹೋದ್ರೆ ಪಿಯಾನೋ ಮೇಲೆ ಬರುತ್ತೆ, ಉಳಿದಿದ್ದು ಹಿಂದೆ ಸರಿಯುತ್ತೆ. ಅಂದ್ರೆ ಇಲ್ಲಿ ಕಿವಿ ಹೋದ ಕಡೆ ಕಣ್ಣು. ನಿಮ್ಮನ್ನ ಸಾಲಾಗಿ ಕುರ್ಚಿ ಹಾಕಿ ಕೂರ್ಸಿದ್ರಂತಲ್ಲ, ಅದು ಮಾಡಿಸಿದೋರ ತಪ್ಪು, ನಿಮ್ದಲ್ಲ.

ಸ್ಟೀವ್ ರೈಶ್, ಬೆರಿಲ್ ಕೊರೊಟ್ ಅಂತ ಗಂಡ ಹೆಂಡ್ತಿ, ಗಂಡಂದು ಸಂಗೀತ, ಹೆಂಡ್ತಿದು ವಿಡಿಯೊ, 1993ರಲ್ಲಿ ಐದು ಸ್ಕ್ರೀನಿನ 'ದಿ ಕೇವ್' ಮಾಡಿದ್ರು. ಯಹೂದಿ, ಕ್ರೈಸ್ತ, ಮುಸ್ಲಿಮರು ಮೂಲಪುರುಷ ಅನ್ನೋ ಅಬ್ರಹಾಂ ನಿಮಗೆ ಯಾರು ಅಂತ ಜನರನ್ನ ಕೇಳಿ, ಅವ್ರು ಮಾತಾಡಿದ ಏರಿಳಿತಾನೇ ಸ್ವರ ಮಾಡಿ ವಾದ್ಯಕ್ಕೆ ಕೊಟ್ರು. ಅದ್ರಲ್ಲಿ ಸಂಗೀತ ತೆಗೆದ್ರೆ ವಿಡಿಯೊನೂ ಬಿದ್ದೋಗುತ್ತೆ, ನಾನು ಜೊತೆ ಕೆಲಸ ಅನ್ನೋದು ಇದಕ್ಕೇ.

ಇನ್ನು ನಮ್ಮ ಕಚೇರಿ. ಮೊದ್ಲೇ ಎಡಿಟ್ ಆಗಿರೋ ವಿಡಿಯೊಗೆ ಹಾಡ್ಬೇಕು ಅಂದ್ರೆ ಕಿವಿಯಲ್ಲಿ ಟಿಕ್ ಟಿಕ್ ಅಂತ ಕ್ಲಿಕ್ ಇಟ್ಕೊಂಡು ಹಾಡ್ಬೇಕಾಗುತ್ತೆ, ಆಗ ಒಂದೇ ಸಾಲನ್ನ ಬೇರೆಬೇರೆ ಥರ ಹಾಡೋ ನೆರವಲ್‌ನಲ್ಲಿ ತಾಳದ ಇನ್ನೊಂದು ಸುತ್ತು ಬೆಳೆಸೋಣ ಅನ್ನಿಸಿದ್ರೂ ಸ್ಕ್ರೀನು ಕಾಯಲ್ಲ, ಆ ಕ್ಷಣಕ್ಕೆ ಹುಟ್ಟೋ ಮನೋಧರ್ಮ ಅಲ್ಲಿಗೇ ಸತ್ತೋಯ್ತು. ಹಾಗಾಗಿ ವಿಡಿಯೊ ನಡೆಸೋರು ಲ್ಯಾಪ್‌ಟಾಪ್ ಸಮೇತ ಮೃದಂಗದವ್ರ ಪಕ್ಕದಲ್ಲೇ ಕೂತು ಕಲಾವಿದರ ಜಾಡು ಹಿಡೀಬೇಕು, ತಾಳ ಗೊತ್ತಿರ್ಬೇಕು, ತನಿ, ಅಂದ್ರೆ ಮೃದಂಗದವ್ರು ಒಬ್ರೇ ನುಡಿಸೋದು, ಶುರುವಾದ್ರೆ ಎಲ್ಲಾ ಸ್ಕ್ರೀನ್ ಆರಿಸೋ ಧೈರ್ಯಾನೂ ಇರ್ಬೇಕು. ಚೌಡಯ್ಯ ಹಾಲ್ ಇದಕ್ಕೆ ಆಗಲ್ಲ ಬಿಡಿ, ಅಲ್ಲಿ ಸೀಟು ಕದಲಲ್ಲ. ಖಾಲಿ ಹಾಲ್ ಬೇಕು, ನೆಲದ್ಮೇಲೆ ಜಮಖಾನ, ಎದ್ದು ಓಡಾಡೋಕೆ ಜಾಗ. ಮುಂದಿನ ಸಲ ಟಿಕೆಟ್ ತಗೊಳೋ ಮುಂಚೆ ಇದೊಂದು ಕೇಳ್ಕೊಂಡೇ ಹೋಗಿ.