ಗೊತ್ತಿಲ್ಲದವರಿಗೆ ನಾನೇ ಯಾಕೆ ಕೊಡಬೇಕು?

ಪ್ರಶ್ನೆ: ನನಗೆ 24 ವರ್ಷ. ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲ ಕಣ) ದಾನಿಯಾಗಿ ಹೆಸರು ಬರೆಸಿದ್ದೆ. ಹತ್ತಿ ಕಡ್ಡಿಯಿಂದ ಕೆನ್ನೆಯ ಒಳಗೆ ಉಜ್ಜಿ ಸ್ಯಾಂಪಲ್ ತೆಗೆದುಕೊಂಡಿದ್ದರು, ಆಮೇಲೆ ಮರೆತೇ ಹೋಗಿತ್ತು. ಈಗ ಫೋನ್ ಬಂದಿದೆ. ರಕ್ತದ ಕ್ಯಾನ್ಸರ್ ಇರುವ ಒಬ್ಬರಿಗೆ ನನ್ನದು ಮ್ಯಾಚ್ ಆಗುತ್ತಿದೆಯಂತೆ. ಯಾರು ಅಂತ ಹೇಳುವುದಿಲ್ಲ, ಬೇರೆ ದೇಶದವರೂ ಇರಬಹುದಂತೆ. ಅಮ್ಮ ಬೇಡವೇ ಬೇಡ ಅಂತಿದ್ದಾರೆ. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ನಾಳೆ ಮದುವೆ, ಮಕ್ಕಳು ಎಲ್ಲಕ್ಕೂ ತೊಂದರೆ ಅಂತ ಅವರ ಭಯ. 'ನಮ್ಮವರಿಗಾದರೆ ಸರಿ, ಗುರುತು ಪರಿಚಯ ಇಲ್ಲದವರಿಗೆ ನೀನೇ ಯಾಕೆ?' ಅಂತ ಕೇಳುತ್ತಾರೆ. ಏನು ಹೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ. ನೀನೇ ಯಾಕೆ ಅಂದರೆ, ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಸಿಗದೇ ಇರಬಹುದು, ಅದಕ್ಕೆ.

ರಕ್ತ ಬೇಕು ಅಂದಾಗ ನೀವು ಹೋಗದಿದ್ದರೆ ಅದೇ ಗುಂಪಿನ ಇನ್ನೊಬ್ಬರು ಹೋಗುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಹೊಂದಬೇಕಾದದ್ದು ಜೀವಕಣಗಳ ಮೇಲಿರುವ ಎಚ್‌ಎಲ್‌ಎ ಅನ್ನುವ ಗುರುತು, ಅದರಲ್ಲಿ ಸಾವಿರಾರು ಬಗೆಗಳಿವೆ. ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಒಡಹುಟ್ಟಿದವರದ್ದೇ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಷ್ಟೇ. ಮನೆಯಲ್ಲಿ ಸಿಗದವರು ಪ್ರಪಂಚದಲ್ಲೆಲ್ಲಾ ಹುಡುಕಬೇಕಾಗುತ್ತದೆ.

ಹೀಗೆ ಹುಡುಕುವ ವ್ಯವಸ್ಥೆ ಶುರುವಾಗಿದ್ದೇ ಒಬ್ಬ ತಾಯಿಯಿಂದ. ಶರ್ಲಿ ನೋಲನ್ ಅನ್ನುವವರ ಮಗ ಆಂಥೋನಿಗೆ ಅಪರೂಪದ ರಕ್ತದ ಕಾಯಿಲೆ ಇತ್ತು, ಮನೆಯವರದ್ದು ಯಾರದ್ದೂ ಹೊಂದಲಿಲ್ಲ. ಆಕೆ 1974ರಲ್ಲಿ ಲಂಡನ್ನಿನಲ್ಲಿ ಗೊತ್ತಿಲ್ಲದ ಜನರ ಹೆಸರು ಸೇರಿಸುತ್ತಾ ಒಂದು ಪಟ್ಟಿ ಮಾಡಲು ಹೊರಟರು. ಮಗನಿಗೆ ದಾನಿ ಸಿಗಲೇ ಇಲ್ಲ, 1979ರಲ್ಲಿ ಹುಡುಗ ತೀರಿಕೊಂಡ. ಪಟ್ಟಿ ಮಾತ್ರ ನಿಲ್ಲಲಿಲ್ಲ. ಇವತ್ತು ಬೇರೆ ಬೇರೆ ದೇಶಗಳ ಇಂಥ ಪಟ್ಟಿಗಳು ಒಂದಕ್ಕೊಂದು ಜೋಡಿಕೊಂಡು 4 ಕೋಟಿಗೂ ಜಾಸ್ತಿ ದಾನಿಗಳ ಹೆಸರು ಸೇರಿದೆ.

ಅದರಲ್ಲಿ ನಮ್ಮವರು ತುಂಬಾ ಕಡಿಮೆ, ಇದನ್ನು ಅಮ್ಮನಿಗೆ ಬಿಡಿಸಿ ಹೇಳಿ. ನಮಗಿಂತ ಎಷ್ಟೋ ಚಿಕ್ಕ ದೇಶ ಜರ್ಮನಿ, ಅಲ್ಲಿ ಸುಮಾರು ಒಂದು ಕೋಟಿ ಜನ ಹೆಸರು ಬರೆಸಿದ್ದಾರೆ. 140 ಕೋಟಿ ಜನರ ನಮ್ಮಲ್ಲಿ ಅದು ಇನ್ನೂ ಕೆಲವೇ ಲಕ್ಷ. ಈ ಗುರುತು ಸಾಮಾನ್ಯವಾಗಿ ಒಂದೇ ಮೂಲದ ಜನರಲ್ಲಿ ಹೊಂದುವುದು ಜಾಸ್ತಿ, ಹಾಗಾಗಿ ಜರ್ಮನಿಯ ಕೋಟಿ ಜನರಿದ್ದರೂ ಭಾರತದ ಮೂಲದ ರೋಗಿಗೆ ಅದರಿಂದ ಅಷ್ಟೇನೂ ಸಹಾಯವಾಗುವುದಿಲ್ಲ, ಅವರು ಲಂಡನ್ನಿನಲ್ಲೇ ಇರಲಿ, ನ್ಯೂಜೆರ್ಸಿಯಲ್ಲೇ ಇರಲಿ. ಹೊರದೇಶ ಅಂತ ಅಮ್ಮ ಅಂದುಕೊಂಡಿರುವ ಆ ರೋಗಿಯ ಅಜ್ಜ ಅಜ್ಜಿ ನಮ್ಮ ಕಡೆಯವರೇ ಆಗಿದ್ದರೂ ಇರಬಹುದು. ಆಗಿರದಿದ್ದರೂ ನನ್ನ ಮಾತು ಬದಲಾಗುವುದಿಲ್ಲ, ಜೀವ ಜೀವವೇ.

ಇನ್ನು ಅಮ್ಮನ ಭಯ. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಈಗ ಹೆಚ್ಚಿನವರಿಂದ ತೆಗೆಯುವುದು ರಕ್ತದಿಂದಲೇ. ಮೊದಲು ನಾಲ್ಕೈದು ದಿನ ದಿನಕ್ಕೊಂದು ಇಂಜೆಕ್ಷನ್, ಸ್ಟೆಮ್ ಸೆಲ್ ರಕ್ತಕ್ಕೆ ಇಳಿದು ಬರಲಿ ಅಂತ. ಆ ದಿನಗಳಲ್ಲಿ ಜ್ವರ ಬರುವ ಮುಂಚಿನ ಹಾಗೆ ಮೈಕೈ ನೋವು, ತಲೆನೋವು ಇರುತ್ತದೆ, ಇರುವುದಿಲ್ಲ ಅಂತ ಸುಳ್ಳು ಹೇಳಲಾರೆ. ಆಮೇಲೆ ಒಂದು ದಿನ ನಾಲ್ಕೈದು ಗಂಟೆ ಮಲಗಿರಬೇಕು. ಒಂದು ಕೈಯಿಂದ ರಕ್ತ ಮಷೀನಿಗೆ ಹೋಗುತ್ತದೆ, ಮಷೀನು ಬೇಕಾದ ಕಣಗಳನ್ನು ಇಟ್ಟುಕೊಂಡು ಉಳಿದ ರಕ್ತವನ್ನು ಇನ್ನೊಂದು ಕೈಗೆ ವಾಪಸ್ ಬಿಡುತ್ತದೆ. ಕೊಟ್ಟದ್ದನ್ನು ಮೈ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಕೆಲವರಿಂದ ಮಾತ್ರ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ ತೆಗೆಯುತ್ತಾರೆ. ಮುಂದೆ ಮಕ್ಕಳಾಗುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಖರ್ಚೂ ನಿಮ್ಮದಲ್ಲ. ತೆಗೆದ ಚೀಲವನ್ನು ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಒಬ್ಬರು ಕೈಯಲ್ಲೇ ಹಿಡಿದುಕೊಂಡು ವಿಮಾನ ಹತ್ತುತ್ತಾರೆ, ಸುಮಾರು 72 ಗಂಟೆಯೊಳಗೆ ಅದು ರೋಗಿಯ ಮೈ ಸೇರಬೇಕು.

ಇಷ್ಟೆಲ್ಲಾ ಹೇಳಿದರೂ, ಬೇಡ ಅನ್ನುವ ಹಕ್ಕು ಕೊನೆಯವರೆಗೂ ನಿಮಗಿದೆ. ಯಾರೂ ಬಲವಂತ ಮಾಡುವ ಹಾಗಿಲ್ಲ, ನಾನೂ ಮಾಡುವುದಿಲ್ಲ. ಆದರೆ ಬೇಡ ಅನ್ನುವುದಾದರೆ ಈಗಲೇ ಅನ್ನಿ. ಕಸಿ ಮಾಡುವ ಮುಂಚೆ ಜೋರಾದ ಕೀಮೋ ಕೊಟ್ಟು ರೋಗಿಯ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಅಳಿಸಿಬಿಡುತ್ತಾರೆ. ಅದಾದ ಮೇಲೆ ದಾನಿ ಹಿಂದೆ ಸರಿದರೆ ಆ ಮೈಯಲ್ಲಿ ರಕ್ತ ತಯಾರಾಗಲು ಏನೂ ಉಳಿದಿರುವುದಿಲ್ಲ. ಫೋನ್ ಎತ್ತದೆ ದಿನ ದೂಡುವುದು ಎಲ್ಲಕ್ಕಿಂತ ಕೆಟ್ಟದ್ದು, ಆ ಕಡೆಯವರು ಕಾಯುತ್ತಲೇ ಇರುತ್ತಾರೆ.

ಮ್ಯಾಚ್ ಆಯಿತು ಅಂದರೆ ನಾಳೆಯೇ ಕೊಡಬೇಕು ಅಂತಲ್ಲ. ಮೊದಲು ರಕ್ತ ತೆಗೆದು ಇನ್ನೊಮ್ಮೆ ತಾಳೆ ನೋಡುತ್ತಾರೆ, ನಿಮ್ಮ ಆರೋಗ್ಯವನ್ನೂ ಪೂರ್ತಿ ತಪಾಸಣೆ ಮಾಡುತ್ತಾರೆ. ನಿಮಗೆ ತೊಂದರೆಯಾಗಬಹುದು ಅನ್ನಿಸಿದರೆ ಅವರೇ ಬೇಡ ಅನ್ನುತ್ತಾರೆ. ಡಾಕ್ಟರ ಹತ್ತಿರ ಮಾತಾಡುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಬೆನ್ನುಹುರಿ, ಮದುವೆ, ಮಕ್ಕಳು, ಏನೇನು ಅನುಮಾನ ಇದೆಯೋ ಎಲ್ಲವನ್ನೂ ಅವರೇ ಬಾಯಿಬಿಟ್ಟು ಕೇಳಲಿ. ನಾನು ಬರೆದದ್ದಕ್ಕಿಂತ ಎದುರಿಗೆ ಕೂತು ಕೇಳಿದ ಉತ್ತರ ಅವರ ಮನಸ್ಸಿಗೆ ಬೇಗ ಹತ್ತುತ್ತದೆ. ಈ ವಾರವೇ ಹೋಗಿ ಬನ್ನಿ.